ಖಿನ್ನತೆಯ ಮಾತ್ರೆ ನಾಟಲು ವಾರಗಟ್ಟಲೆ ಯಾಕೆ ಬೇಕು? ಬೆಂಗಳೂರಿನ ಲ್ಯಾಬುಗಳು ಹುಡುಕಿದ ಉತ್ತರ

ಲಗ್ಗೆರೆ ಈಗ ಬೆಂಗಳೂರಿನ ಒಂದು ಬಡಾವಣೆ. ಆದರೆ ಇಲ್ಲಿನ ಯಾವುದೇ ವಠಾರದಲ್ಲಿ ನಿಂತು "ನಿಮ್ಮೂರು ಯಾವುದು?" ಅಂತ ಕೇಳಿ. ತುಮಕೂರು ಕಡೆ, ಮಂಡ್ಯ ಕಡೆ, ಹಾಸನ, ರಾಯಚೂರು, ಕಲಬುರಗಿ ಅನ್ನುವ ಉತ್ತರವೇ ಜಾಸ್ತಿ. ಪಕ್ಕದ ಪೀಣ್ಯದ ಗಾರ್ಮೆಂಟ್ಸಿಗೂ ಲೇತ್ ಶೆಡ್ಡುಗಳಿಗೂ ಕೆಲಸಕ್ಕೆ ಬಂದು ಉಳಿದವರು ಇವರು. ಹಾಗಾಗಿ ಲಗ್ಗೆರೆಯ ಕಾಯಿಲೆ-ಕಸಾಲೆಯ ಕಥೆ ನಮ್ಮ ಹಳ್ಳಿಗಳ ಕಥೆಯೂ ಹೌದು.

ಇಲ್ಲಿಯೂ, ನಮ್ಮ ಊರುಗಳಲ್ಲಿಯೂ ನಾವು ಮತ್ತೆ ಮತ್ತೆ ಕೇಳುವ ಒಂದು ಮಾತಿದೆ. "ಮನಸ್ಸಿನ ಬೇಜಾರಿಗೆ ಅಂತ ಡಾಕ್ಟರು ಮಾತ್ರೆ ಕೊಟ್ರು. ಹತ್ತು ದಿನ ತಗೊಂಡೆ. ಬಾಯಿ ಒಣಗ್ತು, ತೂಕಡಿಕೆ ಬಂತು, ಬೇಜಾರು ಮಾತ್ರ ಹಂಗೇ ಇತ್ತು. ಬಿಟ್ಟುಬಿಟ್ಟೆ."

ಇದರಲ್ಲಿ ದಡ್ಡತನ ಏನೂ ಇಲ್ಲ. ಜ್ವರದ ಮಾತ್ರೆ ಒಂದೆರಡು ಗಂಟೆಯಲ್ಲಿ ಕೆಲಸ ತೋರಿಸುತ್ತದೆ. ನೋವಿನ ಇಂಜೆಕ್ಷನ್ ಸಂಜೆಯೊಳಗೆ ಆರಾಮ ಕೊಡುತ್ತದೆ. ಇದಕ್ಕೆ ಮಾತ್ರ ಯಾಕೆ ಎರಡು ವಾರ, ನಾಲ್ಕು ವಾರ, ಕೆಲವರಿಗೆ ಆರು ವಾರ? ಪ್ರಪಂಚದ ದೊಡ್ಡ ದೊಡ್ಡ ವಿಜ್ಞಾನಿಗಳೂ ಇದೇ ಪ್ರಶ್ನೆ ಹಿಡಿದು ದಶಕಗಟ್ಟಲೆ ಕೂತಿದ್ದರು. ಉತ್ತರದ ಒಂದು ಮುಖ್ಯ ಭಾಗ ಸಿಕ್ಕಿದ್ದು ಇದೇ ಬೆಂಗಳೂರಿನಲ್ಲಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮತ್ತು ನೀವು ಕೃಷಿ ಮೇಳಕ್ಕೆ ಹೋಗುವ ಜಿಕೆವಿಕೆ ಆವರಣದೊಳಗಿನ ಎನ್‌ಸಿಬಿಎಸ್ ಎಂಬ ಸಂಶೋಧನಾ ಕೇಂದ್ರದಲ್ಲಿ. ಆ ಚರಿತ್ರೆಯನ್ನು ಇವತ್ತು ನೋಡೋಣ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬೆಳೆ ಕೈಕೊಟ್ಟಾಗ, ಮನೆಯಲ್ಲಿ ಸಾವಾದಾಗ ದುಃಖ ಆಗುವುದು ಸಹಜ. ಅದು ಕಾಯಿಲೆಯಲ್ಲ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಮನಸ್ಸು ಮಂಕಾಗಿ, ಇಷ್ಟವಾದದ್ದೂ ರುಚಿಸದೆ, ನಿದ್ದೆ-ಊಟ ಕೆಟ್ಟು, ಮೈಯಲ್ಲಿ ತ್ರಾಣ ಇಲ್ಲದೆ, "ನಾನು ಯಾತಕ್ಕೂ ಬಾರದವನು" ಅನ್ನಿಸತೊಡಗಿದರೆ ವೈದ್ಯರು ಅದನ್ನು ಖಿನ್ನತೆ ಅನ್ನುತ್ತಾರೆ.

ಹುಚ್ಚಾಸ್ಪತ್ರೆಯಿಂದ ಶುರು

ನಮ್ಮ ಅಜ್ಜಂದಿರ ಬಾಯಲ್ಲಿ ನಿಮ್ಹಾನ್ಸ್‌ಗೆ ಇದ್ದ ಹೆಸರು ಹುಚ್ಚಾಸ್ಪತ್ರೆ. ಅದಕ್ಕೆ ಕಾರಣ ಇದೆ. ಬ್ರಿಟಿಷರ ಕಾಲದಲ್ಲಿ, 1847ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ 'ಲುನಾಟಿಕ್ ಅಸೈಲಮ್' ಅದರ ಮೂಲ. ಚಿಕಿತ್ಸೆಗಿಂತ ಕೂಡಿಹಾಕುವುದೇ ಆಗಿನ ಅಂಥ ಜಾಗಗಳ ಮುಖ್ಯ ಕೆಲಸ. ಔಷಧಿ ಅನ್ನುವಂಥದ್ದು ಇರಲಿಲ್ಲ.

1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು 'ಮೆಂಟಲ್ ಹಾಸ್ಪಿಟಲ್' ಅಂತ ಬದಲಿಸಿತು. ಕೇಳಲು ಸಣ್ಣ ವಿಷಯ. ಆದರೆ ಒಳಗಿದ್ದವರು ಹುಚ್ಚರಲ್ಲ, ರೋಗಿಗಳು ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲಕ್ಕೆ, ಲಕ್ಕಸಂದ್ರದ ಹೊಸ ಕಟ್ಟಡಗಳಿಗೆ ಆಸ್ಪತ್ರೆ ಸ್ಥಳಾಂತರವಾಯಿತು.

ಆ ಕಾಲದ ದೊಡ್ಡ ಹೆಸರು ಡಾ. ಎಂ. ವಿ. ಗೋವಿಂದಸ್ವಾಮಿ. ವಿದೇಶದಲ್ಲಿ ಮನೋವೈದ್ಯಶಾಸ್ತ್ರ ಕಲಿತು ಬಂದು ಈ ಆಸ್ಪತ್ರೆಯ ಹೊಣೆ ಹೊತ್ತವರು. 1954ರಲ್ಲಿ ಇಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರೂ ಅವರೇ.

ಆ ದಿನಗಳ ಚಿಕಿತ್ಸೆ ಹೇಗಿತ್ತು ಅಂತ ಮುಚ್ಚಿಡಬೇಕಿಲ್ಲ. ಮೆದುಳಿನ ಮುಂಭಾಗದ ನರಗಳ ಸಂಪರ್ಕವನ್ನು ಕತ್ತರಿಸುವ ಲ್ಯೂಕಾಟಮಿ ಎಂಬ ಶಸ್ತ್ರಚಿಕಿತ್ಸೆ ಆಗ ಯುರೋಪು-ಅಮೆರಿಕದಲ್ಲಿ ಭಾರೀ ಚಾಲ್ತಿಯಲ್ಲಿತ್ತು. ಬೆಂಗಳೂರಿನಲ್ಲೂ ನಡೆಯಿತು. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಾಲಕೃಷ್ಣ ರಾವ್ 1944ರಲ್ಲಿ ಅದರ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಮುಂದೆ ಪ್ರಪಂಚ ಆ ದಾರಿಯನ್ನೇ ಬಿಟ್ಟಿತು. ಬಿಡುವುದಕ್ಕೆ ದೊಡ್ಡ ಕಾರಣ, 1950ರ ದಶಕದಲ್ಲಿ ಬಂದ ಮಾತ್ರೆಗಳು.

ಸರ್ಪಗಂಧಿ ಕೊಟ್ಟ ಸುಳಿವು

ಮಲೆನಾಡಿನವರಿಗೆ, ನಾಟಿ ವೈದ್ಯದ ಮನೆಯವರಿಗೆ ಸರ್ಪಗಂಧಿ ಗೊತ್ತಿರುತ್ತದೆ. ಅದರ ಬೇರನ್ನು ಹಾವಿನ ವಿಷಕ್ಕೂ, ಕೆರಳಿದ ಮನಸ್ಸನ್ನು ತಣಿಸುವುದಕ್ಕೂ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರು ಉನ್ಮಾದಕ್ಕೂ ಬಿಪಿಗೂ ಮದ್ದಾಗುತ್ತದೆ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರ ಸಾರವನ್ನು ಬೇರ್ಪಡಿಸಿ ರಿಸರ್ಪಿನ್ ಅಂತ ಹೆಸರಿಟ್ಟರು. ಬಿಪಿಗೆ ಅದು ಜಗತ್ತಿನಾದ್ಯಂತ ಬಳಕೆಗೆ ಬಂತು.

ಆಮೇಲೆ ಎರಡು ಸಂಗತಿ ಗಮನಕ್ಕೆ ಬಂದವು. ಒಂದು, ರಿಸರ್ಪಿನ್ ತೆಗೆದುಕೊಂಡ ಕೆಲವರಿಗೆ ಖಿನ್ನತೆ ಕವಿಯುತ್ತಿದೆ ಎಂಬ ವರದಿಗಳು. ಎರಡು, 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರಾಡಿ ಅವರ ಲ್ಯಾಬು ಕಂಡದ್ದು: ರಿಸರ್ಪಿನ್ ಕೊಟ್ಟರೆ ದೇಹದಲ್ಲಿ ಕೂಡಿಟ್ಟಿದ್ದ ಸೆರೊಟೋನಿನ್ ಎಂಬ ರಾಸಾಯನಿಕ ಖಾಲಿಯಾಗುತ್ತದೆ. ಮನಸ್ಸು ಕುಸಿಯುವುದಕ್ಕೂ ಈ ರಾಸಾಯನಿಕಕ್ಕೂ ನಂಟಿದೆ ಎಂಬ ಅನುಮಾನ ಹುಟ್ಟಿತು.

ಇನ್ನೊಂದು ಕಡೆ ಇದಕ್ಕೆ ತಲೆಕೆಳಗಾದ ಘಟನೆ ನಡೆದಿತ್ತು. 1952ರಲ್ಲಿ ನ್ಯೂಯಾರ್ಕಿನ ಟಿಬಿ ಆಸ್ಪತ್ರೆಯೊಂದರಲ್ಲಿ ಇಪ್ರೋನಿಯಾಜಿಡ್ ಎಂಬ ಹೊಸ ಔಷಧಿ ಕೊಟ್ಟಾಗ ಹಾಸಿಗೆ ಹಿಡಿದಿದ್ದ ರೋಗಿಗಳು ಗೆಲುವಾಗಿ ಓಡಾಡತೊಡಗಿದರು. ಆ ಔಷಧಿ ಸೆರೊಟೋನಿನ್ ಥರದ ರಾಸಾಯನಿಕಗಳು ಒಡೆದು ನಾಶವಾಗುವುದನ್ನು ತಡೆಯುತ್ತಿತ್ತು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ಎಂಬ ವೈದ್ಯರು ಇಮಿಪ್ರಮಿನ್ ಎಂಬ ಮಾತ್ರೆ ಖಿನ್ನತೆಗೆ ಗುಣ ಕೊಡುತ್ತದೆ ಅಂತ ಪ್ರಕಟಿಸಿದರು. ಅದನ್ನು ಮೊದಲು ಬೇರೊಂದು ಮಾನಸಿಕ ಕಾಯಿಲೆಗೆ ಕೊಟ್ಟು ನೋಡಿದ್ದರು, ಅಲ್ಲಿ ಪ್ರಯೋಜನ ಆಗಿರಲಿಲ್ಲ. ಹೀಗೆ ಖಿನ್ನತೆಯ ಮೊದಲ ಮಾತ್ರೆಗಳೆರಡೂ ಆಕಸ್ಮಿಕವಾಗಿಯೇ ಸಿಕ್ಕವು.

ಗದ್ದೆಯ ನೀರಿನ ಲೆಕ್ಕ

ಇವು ಮೆದುಳಿನಲ್ಲಿ ಏನು ಮಾಡುತ್ತವೆ? ಮೆದುಳಿನಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ಒಂದು ಕೋಶಕ್ಕೂ ಇನ್ನೊಂದಕ್ಕೂ ಮಧ್ಯೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಬಿಟ್ಟ ಹಾಗೆ, ಮೊದಲ ಕೋಶ ಈ ಸಂದಿಗೆ ಸೆರೊಟೋನಿನ್ ಬಿಡುತ್ತದೆ. ಅದು ಮುಂದಿನ ಕೋಶಕ್ಕೆ ತಾಗಿದಾಗ ಸುದ್ದಿ ಮುಟ್ಟುತ್ತದೆ. ಆಮೇಲೆ ಬಿಟ್ಟ ಕೋಶವೇ ಉಳಿದದ್ದನ್ನು ಮತ್ತೆ ಹೀರಿಕೊಳ್ಳುತ್ತದೆ. ಈಗ ಹೆಚ್ಚಾಗಿ ಕೊಡುವ ಖಿನ್ನತೆಯ ಮಾತ್ರೆಗಳು ಈ ಹೀರುವಿಕೆಯನ್ನು ತಡೆಯುತ್ತವೆ. ನೀರು ಗದ್ದೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. 1987ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲೂಆಕ್ಸೆಟಿನ್ ಈ ಗುಂಪಿನ ಹೆಸರಾಂತ ಮಾತ್ರೆ. ಎಸ್ಸಿಟಾಲೊಪ್ರಾಮ್ ಕೂಡ ಇದೇ ಗುಂಪಿನದು.

ಇಲ್ಲಿಂದಲೇ "ಖಿನ್ನತೆ ಅಂದರೆ ಸೆರೊಟೋನಿನ್ ಕಮ್ಮಿ ಆಗಿರೋದು, ಮಾತ್ರೆ ಅಂದರೆ ಅದನ್ನ ತುಂಬೋದು" ಎಂಬ ಸರಳ ಮಾತು ಹುಟ್ಟಿ ಊರೆಲ್ಲ ಹಬ್ಬಿತು. ಹೇಳಲು ಸುಲಭ, ಆದರೆ ಅದರಲ್ಲಿ ದೊಡ್ಡ ತೂತಿತ್ತು. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಹೀರುವಿಕೆ ನಿಲ್ಲತೊಡಗುತ್ತದೆ. ಕೊರತೆ ತುಂಬುವುದಷ್ಟೇ ವಿಷಯವಾಗಿದ್ದರೆ ಮರುದಿನವೇ ಮನಸ್ಸು ಹಗುರಾಗಬೇಕಿತ್ತು. ಆಗುವುದಿಲ್ಲ.

2022ರಲ್ಲಿ ಲಂಡನ್ನಿನ ಜೊವಾನಾ ಮೊನ್‌ಕ್ರೀಫ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಖಿನ್ನತೆ ಇರುವವರಲ್ಲಿ ಸೆರೊಟೋನಿನ್ ಕಮ್ಮಿ ಇರುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷ್ಯ ಇಲ್ಲ ಎಂದರು. ಇದನ್ನು ಓದಿ "ಮಾತ್ರೆಯೇ ಸುಳ್ಳು" ಅಂದವರೂ ಇದ್ದಾರೆ. ಅದು ಸರಿಯಲ್ಲ. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ದೊಡ್ಡ ಲೆಕ್ಕಾಚಾರವೊಂದು 522 ಪ್ರಯೋಗಗಳನ್ನು, 1,16,477 ರೋಗಿಗಳನ್ನು ಒಟ್ಟುಗೂಡಿಸಿ ನೋಡಿತ್ತು. ಪರೀಕ್ಷಿಸಿದ 21 ಮಾತ್ರೆಗಳೂ ಹುಸಿ ಮಾತ್ರೆಗಿಂತ ಹೆಚ್ಚು ಗುಣ ಕೊಟ್ಟಿದ್ದವು. ಎಲ್ಲರಿಗೂ ಅಲ್ಲ, ಒಂದೇ ಪ್ರಮಾಣದಲ್ಲೂ ಅಲ್ಲ, ಆದರೆ ಕೊಟ್ಟಿದ್ದವು. ಅಂದಮೇಲೆ ಮಾತ್ರೆ ಕೆಲಸ ಮಾಡುತ್ತದೆ, ಆದರೆ ನಾವು ಅಂದುಕೊಂಡ ಕಾರಣಕ್ಕೆ ಅಲ್ಲ. ಹಾಗಾದರೆ ಆ ವಾರಗಳಲ್ಲಿ ಒಳಗೆ ಏನು ನಡೆಯುತ್ತಿರುತ್ತದೆ?

ಬಾಡುವ ಕೊಂಬೆ, ಚಿಗುರುವ ಕೊಂಬೆ

ಈಗ ಬೆಂಗಳೂರಿಗೆ ಬರೋಣ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಸಂಸ್ಥೆ ಎರಡೂ ಸೇರಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. ಅಲ್ಲಿನ ನ್ಯೂರೋಫಿಸಿಯಾಲಜಿ ವಿಭಾಗದಲ್ಲಿ, ಅಂದರೆ ನರಗಳ ಕೆಲಸವನ್ನು ಓದುವ ವಿಭಾಗದಲ್ಲಿ, ಟಿ. ದೇಸಿರಾಜು, ಅವರ ನಂತರ ಟಿ. ಆರ್. ರಾಜು, ಬಿ. ಎಸ್. ಶಂಕರನಾರಾಯಣ ರಾವ್ ಮುಂತಾದವರು ಇಲಿಗಳ ಮೆದುಳಿನ ಮೇಲೆ ಕೆಲಸ ಮಾಡಿದರು.

ಒಂದು ನರಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಹಾಗೆ ಕಾಣುತ್ತದೆ. ಕಾಂಡ, ಕೊಂಬೆ, ರೆಂಬೆ, ರೆಂಬೆಯ ಮೇಲೆ ಮುಳ್ಳಿನಂಥ ಮೊಗ್ಗು. ಬೇರೆ ಕೋಶಗಳಿಂದ ಸುದ್ದಿ ಬಂದು ಮುಟ್ಟುವುದು ಈ ಕೊಂಬೆಗಳಿಗೆ. ಇವನ್ನು ನೋಡಲು 1873ರಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಕಂಡುಹಿಡಿದ ಬೆಳ್ಳಿಯ ಬಣ್ಣ ಹಾಕುವ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಆ ಬಣ್ಣ ಎಲ್ಲ ಕೋಶಗಳಿಗೂ ಹಿಡಿಯುವುದಿಲ್ಲ, ಅಲ್ಲೊಂದು ಇಲ್ಲೊಂದಕ್ಕೆ ಮಾತ್ರ ಹಿಡಿದು ಅದನ್ನು ಪೂರ್ತಿ ಕಪ್ಪಾಗಿ ತೋರಿಸುತ್ತದೆ. ಎಲ್ಲಕ್ಕೂ ಹಿಡಿದಿದ್ದರೆ ದಟ್ಟ ಕಾಡಿನಲ್ಲಿ ಒಂದು ಮರದ ಕೊಂಬೆ ಎಣಿಸಲು ಹೋದ ಹಾಗಾಗುತ್ತಿತ್ತು. ಪ್ರಯೋಗ ಮುಗಿದ ಮೇಲೆ ಇಲಿಯನ್ನು ಕೊಂದು, ಮೆದುಳನ್ನು ತೆಳುವಾಗಿ ಸೀಳಿ, ಒಂದೊಂದೇ ಕೋಶದ ಕೊಂಬೆಗಳನ್ನು ಎಣಿಸಿ ಅಳೆಯುತ್ತಾರೆ. ತಿಂಗಳುಗಟ್ಟಲೆಯ ತಾಳ್ಮೆಯ ಕೆಲಸ ಅದು.

ಇಲಿಗೆ ಬೇಜಾರಾಗಿದೆ ಅಂತ ಹೇಗೆ ತಿಳಿಯುವುದು ಅಂತ ನೀವು ಕೇಳಬಹುದು. ಒಂದು ಉಪಾಯ ಇದೆ. ಪಂಜರದಲ್ಲಿ ಎರಡು ಬಾಟಲಿ ಇಡುತ್ತಾರೆ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಆರೋಗ್ಯವಾಗಿರುವ ಇಲಿ ಸಿಹಿಯನ್ನೇ ಹುಡುಕಿ ಕುಡಿಯುತ್ತದೆ. ದಿನಗಟ್ಟಲೆ ಒತ್ತಡ ಅನುಭವಿಸಿದ ಇಲಿಗೆ ಸಿಹಿಯ ಮೇಲಿನ ಆಸೆ ಕಡಿಮೆಯಾಗುತ್ತದೆ. ಹಬ್ಬದ ಹೋಳಿಗೆಯೂ ರುಚಿಸುತ್ತಿಲ್ಲ ಅಂತ ನಮ್ಮ ಮನೆಯವರು ಹೇಳುವ ಸ್ಥಿತಿಗೆ ಇದು ಹತ್ತಿರ.

1992ರಲ್ಲಿ ನ್ಯೂಯಾರ್ಕಿನ ಬ್ರೂಸ್ ಮೆಕ್ಯೂಯೆನ್ ತಂಡ ಒಂದು ಸಂಗತಿ ತೋರಿಸಿತ್ತು. ಇಲಿಯನ್ನು ದಿನಕ್ಕೆ ಆರು ಗಂಟೆಯಂತೆ 21 ದಿನ ಅಲುಗಾಡಲು ಬಿಡದೆ ಇಟ್ಟರೆ, ಹಿಪ್ಪೋಕ್ಯಾಂಪಸ್ ಎಂಬ ನೆನಪಿನ ಭಾಗದ ನರಕೋಶಗಳ ಕೊಂಬೆಗಳು ಬಾಡಿ ಮೊಟಕಾಗುತ್ತವೆ. ಒತ್ತಡ ಬರೀ ಮನಸ್ಸಿನ ಕಲ್ಪನೆ ಅಲ್ಲ, ಮೆದುಳಿನ ಆಕಾರವನ್ನೇ ಬದಲಿಸುತ್ತದೆ ಎಂಬುದಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿ. ಮನುಷ್ಯರಲ್ಲೂ ಇದಕ್ಕೆ ಹೊಂದುವ ಸುಳಿವಿದೆ. 1996ರಲ್ಲಿ ಅಮೆರಿಕದ ಇವೆಟ್ ಶೆಲೈನ್ ತಂಡ ಸ್ಕ್ಯಾನ್ ಮಾಡಿ ನೋಡಿದಾಗ, ಹೆಚ್ಚು ದಿನ ಖಿನ್ನತೆ ಅನುಭವಿಸಿದವರ ಹಿಪ್ಪೋಕ್ಯಾಂಪಸ್ ಚಿಕ್ಕದಾಗಿತ್ತು.

ನಿಮ್ಹಾನ್ಸ್‌ನವರು ಇನ್ನೊಂದು ದಿಕ್ಕಿನಿಂದ ಬಂದರು. ಬಾಡಿಸುವ ಒತ್ತಡದ ಜೊತೆಗೆ, ಚಿಗುರಿಸುವುದು ಯಾವುದು ಅನ್ನುವುದನ್ನೂ ಅವರು ಹುಡುಕಿದರು. 1954ರಲ್ಲಿ ಕೆನಡಾದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಕಂಡಿದ್ದ ವಿಚಿತ್ರ ಸಂಗತಿಯೊಂದಿತ್ತು. ಇಲಿಯ ಮೆದುಳಿನ ಒಂದು ಜಾಗಕ್ಕೆ ಸಣ್ಣ ತಂತಿ ಇಳಿಸಿ, ಸನ್ನೆ ಒತ್ತಿದರೆ ಚಿಟಿಕೆಯಷ್ಟು ಕರೆಂಟು ಹರಿಯುವ ಹಾಗೆ ಮಾಡಿದರೆ, ಇಲಿ ಸುಖಕ್ಕಾಗಿ ತಾನೇ ಮತ್ತೆ ಮತ್ತೆ ಸನ್ನೆ ಒತ್ತುತ್ತದೆ. ಶಂಕರನಾರಾಯಣ ರಾವ್, ದೇಸಿರಾಜು ಮತ್ತು ರಾಜು ಇದೇ ವಿಧಾನ ಬಳಸಿ, ಸುಖ ಅನುಭವಿಸಿದ ಇಲಿಗಳ ಮೆದುಳಿನ ಕೊಂಬೆಗಳನ್ನು ಎಣಿಸಿ 1993ರಲ್ಲಿ ಪ್ರಕಟಿಸಿದರು. ಕೊಂಬೆಗಳು ಹೆಚ್ಚಾಗಿದ್ದವು.

2008ರಲ್ಲಿ ಇದೇ ವಿಭಾಗ ಎರಡೂ ಎಳೆಗಳನ್ನು ಸೇರಿಸಿತು. ಮೊದಲು ಇಲಿಗಳಿಗೆ ಒತ್ತಡ ಕೊಟ್ಟರು. ಕೊಂಬೆ ಬಾಡಿತು, ದಾರಿ ನೆನಪಿಡುವ ಶಕ್ತಿ ಕುಂದಿತು, ರಾಸಾಯನಿಕಗಳ ಮಟ್ಟ ಏರುಪೇರಾಯಿತು. ಆಮೇಲೆ ಕೆಲವು ದಿನ ಆ ಸುಖದ ಅನುಭವ ಕೊಟ್ಟರು. ಕೊಂಬೆ ಮತ್ತೆ ಬೆಳೆಯಿತು, ನೆನಪು ಮರಳಿತು, ರಾಸಾಯನಿಕಗಳೂ ಹದಕ್ಕೆ ಬಂದವು. ಔಷಧಿಯೇ ಇಲ್ಲದೆ ಅನುಭವವೊಂದೇ ರಾಸಾಯನಿಕವನ್ನೂ ಕೊಂಬೆಯನ್ನೂ ಒಟ್ಟಿಗೆ ಸರಿಪಡಿಸಿತ್ತು.

2009ರ ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಒತ್ತಡ ಅನುಭವಿಸಿದ ಇಲಿಗಳನ್ನು ಬರಿದಾದ ಪಂಜರದ ಬದಲು ಸಂಗಾತಿಗಳು, ಆಟದ ಸಾಮಾನು, ಹತ್ತಿ ಇಳಿಯಲು ಜಾಗ ಇರುವ ದೊಡ್ಡ ಪಂಜರಕ್ಕೆ ಬಿಟ್ಟರು. ಅವುಗಳ ಕಲಿಕೆ ಸುಧಾರಿಸಿತು. ಹಿಪ್ಪೋಕ್ಯಾಂಪಸ್‌ನಲ್ಲಿ ಒತ್ತಡದಿಂದ ಕುಂದಿದ್ದ ಹೊಸ ಕೋಶಗಳ ಹುಟ್ಟು ಕೂಡ ಮರಳಿತು.

ಮಾತ್ರೆಯ ಕಥೆ? 2011ರಲ್ಲಿ ವಿ. ಭಾಗ್ಯ, ಬಿ. ಎನ್. ಶ್ರೀಕುಮಾರ್, ರಾಜು ಮತ್ತು ಶಂಕರನಾರಾಯಣ ರಾವ್ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯಂಥ ಗುಣ ಇರುವ ಇಲಿಗಳಿಗೆ ಎಸ್ಸಿಟಾಲೊಪ್ರಾಮ್ ಅನ್ನು ದಿನವೂ ತಪ್ಪದೆ ಕೊಟ್ಟರು. ಸೆರೊಟೋನಿನ್ ಥರದ ರಾಸಾಯನಿಕಗಳ ಮಟ್ಟ ಮಾತ್ರವಲ್ಲ, ಹಿಪ್ಪೋಕ್ಯಾಂಪಸ್‌ನ ಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುವ ಶಕ್ತಿ ಮತ್ತು ದಾರಿ ಕಲಿಯುವ ಶಕ್ತಿಯೂ ಮರಳಿದವು.

ಇವನ್ನೆಲ್ಲ ಜೋಡಿಸಿ ನೋಡಿದರೆ ಹತ್ತು ದಿನದ ಪ್ರಶ್ನೆಗೆ ಉತ್ತರ ಕಾಣುತ್ತದೆ. ಖಿನ್ನತೆಯ ಮೆದುಳು ನೀರು ಖಾಲಿಯಾದ ಟ್ಯಾಂಕಲ್ಲ. ಅದು ಬರದಲ್ಲಿ ಬಾಡಿದ ಗಿಡದಂತೆ. ಮಾತ್ರೆ ಮೊದಲ ದಿನವೇ ನೀರು ಹಾಯಿಸಲು ಶುರು ಮಾಡಿರುತ್ತದೆ. ಆದರೆ ಬಾಡಿದ ಅಡಿಕೆ ಸಸಿಗೆ ಇವತ್ತು ನೀರು ಬಿಟ್ಟು ನಾಳೆಯೇ ಸುಳಿ ಬರಲಿ ಅಂದರೆ ಬರುತ್ತದೆಯೇ? ಸಂಪರ್ಕಗಳು ಮತ್ತೆ ಕೂಡಿಕೊಳ್ಳಲು ವಾರಗಳು ಬೇಕು. ಹತ್ತು ದಿನಕ್ಕೆ ಬಿಟ್ಟವರು ಚಿಗುರು ಬರುವ ಮೊದಲೇ ನೀರು ನಿಲ್ಲಿಸಿದ ಹಾಗೆ. ಮನುಷ್ಯರ ಮೆದುಳನ್ನು ಹೀಗೆ ಸೀಳಿ ಎಣಿಸಲು ಆಗದ ಕಾರಣ ಇದು ಪೂರ್ತಿ ಕಥೆ ಅನ್ನಲಾಗದು. ಆದರೆ ವಾರಗಟ್ಟಲೆಯ ವಿಳಂಬಕ್ಕೆ ಸಂಶೋಧಕರು ಕೊಡುವ ಮುಖ್ಯ ವಿವರಣೆಗಳಲ್ಲಿ ಇದೊಂದು.

ಹೆದರಿಕೆ ತಾನಾಗಿ ಹೋಗುವುದಿಲ್ಲ

"ಸ್ವಲ್ಪ ದಿನ ಊರಿಗೆ ಹೋಗಿ ಬಾ, ಎಲ್ಲ ಸರಿ ಹೋಗುತ್ತೆ" ಅಂತ ಹೇಳುವುದು ನಮ್ಮಲ್ಲಿ ರೂಢಿ. ಇದು ಎಷ್ಟು ನಿಜ ಅನ್ನುವುದಕ್ಕೆ ಜಿಕೆವಿಕೆಯೊಳಗಿನ ಎನ್‌ಸಿಬಿಎಸ್‌ನ ಕೆಲಸ ಬೆಳಕು ಚೆಲ್ಲುತ್ತದೆ.

ಅಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಹಿಪ್ಪೋಕ್ಯಾಂಪಸ್ ಜೊತೆಗೆ ಅಮಿಗ್ಡಾಲ ಎಂಬ ಇನ್ನೊಂದು ಭಾಗವನ್ನೂ ನೋಡಿತು. ಹೆದರಿಕೆ, ಆತಂಕಗಳ ಕೇಂದ್ರ ಅದು. ಅಜಯ್ ವ್ಯಾಸ್, ರೂಪ್ಶಿ ಮಿತ್ರ, ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಮತ್ತು ಚಟರ್ಜಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ವಿಜ್ಞಾನ ಲೋಕದ ಗಮನ ಸೆಳೆಯಿತು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಒತ್ತಡ ಕೊಟ್ಟಾಗ ಹಿಪ್ಪೋಕ್ಯಾಂಪಸ್‌ನ ಕೊಂಬೆ ಬಾಡಿತು, ಅಮಿಗ್ಡಾಲದ ಕೊಂಬೆ ಮಾತ್ರ ಹುಲುಸಾಗಿ ಬೆಳೆಯಿತು. ಒಂದೇ ಬರಗಾಲದಲ್ಲಿ ಬೆಳೆ ಒಣಗಿ ಪಾರ್ಥೇನಿಯಂ ಮಾತ್ರ ಸೊಂಪಾಗಿ ಬೆಳೆದ ಹಾಗೆ.

2004ರಲ್ಲಿ ಅದೇ ತಂಡದವರು ಇಲಿಗಳಿಗೆ 21 ದಿನ ಪೂರ್ತಿ ವಿಶ್ರಾಂತಿ ಕೊಟ್ಟು ನೋಡಿದರು. ಹಿಪ್ಪೋಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಾಲ ಚೇತರಿಸಿಕೊಳ್ಳಲಿಲ್ಲ, ಆತಂಕವೂ ಇಳಿಯಲಿಲ್ಲ. ಕಷ್ಟ ಮುಗಿದು ತಿಂಗಳಾದರೂ ಎದೆ ಡವಗುಟ್ಟುವುದು ನಿಲ್ಲದವರನ್ನು ನಾವೆಲ್ಲ ನೋಡಿದ್ದೇವೆ. "ಸಾಲ ತೀರಿತಲ್ಲ, ಇನ್ನೇನು ನಿಂಗೆ?" ಅಂತ ಗದರುವ ಮೊದಲು ಈ ಇಲಿಗಳನ್ನು ನೆನೆಯಬೇಕು. ಕೆಲವರಿಗೆ ವಿಶ್ರಾಂತಿಯೊಂದೇ ಸಾಲದು, ಚಿಕಿತ್ಸೆ ಬೇಕು.

ಕರೆಂಟ್ ಮತ್ತು ಉಸಿರು

ನಿಮ್ಹಾನ್ಸ್ ಅಂದರೆ "ಕರೆಂಟ್ ಕೊಡ್ತಾರೆ" ಅನ್ನುವ ಭಯ ಇನ್ನೂ ಇದೆ. ಇದನ್ನೂ ಬೆಂಗಳೂರಿನವರು ಒರೆಗೆ ಹಚ್ಚಿ ನೋಡಿದ್ದಾರೆ. 1982ರಲ್ಲಿ ಬಿ. ಎನ್. ಗಂಗಾಧರ್, ಆರ್. ಎಲ್. ಕಪೂರ್ ಮತ್ತು ಕಲ್ಯಾಣಸುಂದರಂ ವಿದ್ಯುತ್ ಚಿಕಿತ್ಸೆಯನ್ನೂ ಇಮಿಪ್ರಮಿನ್ ಮಾತ್ರೆಯನ್ನೂ ಹೋಲಿಸಿ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ನಿಜವಾದ ವಿದ್ಯುತ್ ಚಿಕಿತ್ಸೆ ಮತ್ತು ಹುಸಿ ಮಾತ್ರೆ. ಇನ್ನೊಂದಕ್ಕೆ ಹುಸಿ ವಿದ್ಯುತ್ ಚಿಕಿತ್ಸೆ ಮತ್ತು ನಿಜವಾದ ಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಗುಣ ಅಳೆಯುವ ವೈದ್ಯರಿಗೂ ಗೊತ್ತಿಲ್ಲ. ಎರಡೂ ಗುಂಪು ಸುಧಾರಿಸಿದವು.

2000ದಲ್ಲಿ ಜಾನಕಿರಾಮಯ್ಯ, ಗಂಗಾಧರ್ ಮತ್ತು ಸಂಗಡಿಗರು ತೀವ್ರ ಖಿನ್ನತೆಯ 45 ಜನರನ್ನು ಮೂರು ಗುಂಪು ಮಾಡಿದರು. ನಾಲ್ಕು ವಾರದ ಕೊನೆಗೆ ಪೂರ್ತಿ ಚೇತರಿಸಿಕೊಂಡವರು ವಿದ್ಯುತ್ ಚಿಕಿತ್ಸೆಯ ಗುಂಪಿನಲ್ಲಿ ಶೇ. 93, ಇಮಿಪ್ರಮಿನ್ ಗುಂಪಿನಲ್ಲಿ ಶೇ. 73, ಸುದರ್ಶನ ಕ್ರಿಯೆ ಎಂಬ ಉಸಿರಾಟದ ಯೋಗ ಮಾಡಿದವರಲ್ಲಿ ಶೇ. 67. ಒಂದೊಂದು ಗುಂಪಿನಲ್ಲಿ 15 ಜನ ಮಾತ್ರ. ಹಾಗಾಗಿ ಇದನ್ನು ಹಿಡಿದು "ಯೋಗ ಮಾಡಿದರೆ ಸಾಕು, ಮಾತ್ರೆ ಬೇಡ" ಅನ್ನುವಂತಿಲ್ಲ. ಆದರೆ ಉಸಿರಿನ ಅಭ್ಯಾಸವನ್ನು ಮೂಢನಂಬಿಕೆ ಅಂತ ತಳ್ಳದೆ, ಪವಾಡ ಅಂತ ಹೊಗಳದೆ, ಮಾತ್ರೆಯ ಪಕ್ಕದಲ್ಲೇ ಇಟ್ಟು ಅಳೆದದ್ದು ಮುಖ್ಯ. ಇನ್ನು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವುದು ನಿಷಿದ್ಧ. ಸಿನಿಮಾದಲ್ಲಿ ಕಟ್ಟಿಹಾಕಿ ತೋರಿಸುವ ದೃಶ್ಯಕ್ಕೂ ಈಗಿನ ಚಿಕಿತ್ಸೆಗೂ ಸಂಬಂಧ ಇಲ್ಲ.

ಕೋಟ, ಸಕಲವಾರ, ಬಳ್ಳಾರಿ

ಲ್ಯಾಬಿನ ಜ್ಞಾನ ಹಳ್ಳಿ ಮುಟ್ಟದಿದ್ದರೆ ಏನು ಫಲ? ಈ ಪ್ರಶ್ನೆಯನ್ನೂ ಕರ್ನಾಟಕದಲ್ಲೇ ಮೊದಮೊದಲು ಕೇಳಿದರು.

ಶಿವರಾಮ ಕಾರಂತರ ಹುಟ್ಟೂರು ಕೋಟ. ಅಲ್ಲಿಗೆ ಆರ್. ಎಲ್. ಕಪೂರ್ ಮತ್ತು ಬ್ರಿಟನ್ನಿನ ಮಾರಿಸ್ ಕಾರ್‌ಸ್ಟೇರ್ಸ್ ಹೋಗಿ, ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳಿ ಮನಸ್ಸಿನ ತೊಂದರೆಗಳ ಲೆಕ್ಕ ತೆಗೆದರು. 1976ರಲ್ಲಿ ಅದು ಪುಸ್ತಕವಾಯಿತು. ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ ಇವರ ಬಳಿ ಜನ ಹೋಗುವುದನ್ನು ಕಪೂರ್ ಗೇಲಿ ಮಾಡದೆ ಅಭ್ಯಾಸ ಮಾಡಿದರು. ಜನರು ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋಗುತ್ತಿರಲಿಲ್ಲ, ಹಲವರು ಇಬ್ಬರ ಬಳಿಯೂ ಹೋಗುತ್ತಿದ್ದರು. ಇವತ್ತಿಗೂ ನಮ್ಮ ಊರುಗಳಲ್ಲಿ ಇದೇ ಅಲ್ಲವೇ? ಹರಕೆ ಹೊರುವುದು ತಪ್ಪಲ್ಲ. ಹರಕೆ ತೀರಲಿ ಅಂತ ಆಸ್ಪತ್ರೆಯನ್ನು ಮುಂದೂಡುವುದು ಅಪಾಯ.

1970ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ಬನ್ನೇರುಘಟ್ಟ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೆ ಮನಸ್ಸಿನ ಕಾಯಿಲೆ ಗುರುತಿಸಲು ಅಲ್ಲಿ ಕಲಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ಮಾದರಿಯನ್ನು ಇಡೀ ಜಿಲ್ಲೆಗೆ ಹಬ್ಬಿಸಿ ನೋಡಿದರು. 1996ರಿಂದ ದೇಶದ ಬೇರೆ ಜಿಲ್ಲೆಗಳಿಗೆ ಹೋದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಾಯಿಬೇರು ನಮ್ಮ ಬಳ್ಳಾರಿ. ಈ ಕೆಲಸದಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು ಮನೆಮನೆಗೆ ಮುಟ್ಟಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಉಳಿದಿರುವ ಕಂದಕ

ಇಷ್ಟೆಲ್ಲ ಆದರೂ 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೇಳಿದ್ದೇನು? ಬೆಳೆದವರಲ್ಲಿ ಸುಮಾರು 20 ಜನಕ್ಕೆ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿದೆ. ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ವಿಜ್ಞಾನ ಕೊಂಬೆ ಎಣಿಸುವಷ್ಟು ದೂರ ಹೋಗಿದೆ, ಆದರೆ ಮಾತ್ರೆಯೂ ಮಾತೂ ಬೇಕಾದವರ ಕೈಗೆ ಮುಟ್ಟಿಲ್ಲ. ಮುಟ್ಟಿದ ಕೆಲವರೂ ಹತ್ತನೇ ದಿನಕ್ಕೆ ಬಿಡುತ್ತಿದ್ದಾರೆ.

ಹಾಗಾಗಿ ಈ ಚರಿತ್ರೆಯಿಂದ ನಾವು ಮನೆಗೆ ಕೊಂಡೊಯ್ಯಬೇಕಾದ್ದು ನಾಲ್ಕೇ ಮಾತು.

ವೈದ್ಯರು ಕೊಟ್ಟ ಮಾತ್ರೆಯನ್ನು ಹತ್ತು ದಿನಕ್ಕೆ ನೋಡಿ ತೀರ್ಮಾನ ಮಾಡಬೇಡಿ. ತೊಂದರೆ ಕಂಡರೆ ಅವರಿಗೇ ಹೇಳಿ. ಪ್ರಮಾಣ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು.

ಹುಷಾರಾದ ತಕ್ಷಣ ನೀವೇ ನಿಲ್ಲಿಸಬೇಡಿ, ಬೇರೆಯವರ ಮಾತ್ರೆ ನುಂಗಬೇಡಿ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರಬೇಡಿ. ನಿಲ್ಲಿಸುವುದನ್ನೂ ವೈದ್ಯರ ಸಲಹೆಯಂತೆ ನಿಧಾನವಾಗಿ ಮಾಡಬೇಕು.

ಮಾತ್ರೆ ತನ್ನ ಕೆಲಸ ಮಾಡಲಿ, ನೀವು ನಿಮ್ಮ ಕೆಲಸ ಮಾಡಿ. ಜೊತೆಗೆ ಕೂತು ಊಟ, ಸಂಜೆ ಒಂದು ಸುತ್ತು ನಡಿಗೆ, ಭಜನೆಯೋ ವಾಲಿಬಾಲೋ, ಯಾರೊಡನೆಯಾದರೂ ಮಾತು. ಅವು ಚಿಕಿತ್ಸೆಗೆ ಬದಲಿಯಲ್ಲ, ಆದರೆ ಆ ದೊಡ್ಡ ಪಂಜರದ ಇಲಿಗಳು ತೋರಿಸಿದ ಹಾಗೆ ಮೆದುಳಿಗೆ ಅವೂ ಗೊಬ್ಬರವೇ.

ಬದುಕೇ ಬೇಡ ಅನ್ನುವ ಯೋಚನೆ ಬಂದರೆ, ಅಥವಾ ನಿಮ್ಮ ಮನೆಯವರು ಹಾಗೆ ಮಾತಾಡಿದರೆ, ಒಂದು ದಿನವೂ ಕಾಯಬೇಡಿ. ಅವರನ್ನು ಒಬ್ಬರೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. 14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದ ಇದು ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲೂ ವಿಚಾರಿಸಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ.

1847ರಲ್ಲಿ ಬೆಂಗಳೂರಿನಲ್ಲಿ ಈ ಕಾಯಿಲೆಗೆ ಇದ್ದ ಉತ್ತರ ಒಂದು ಬೀಗ. ಈಗ ಮಾತ್ರೆ ಇದೆ, ಮಾತಿದೆ, ಸಹಾಯವಾಣಿ ಇದೆ. ಬಾಡಿದ ಕೊಂಬೆ ಮತ್ತೆ ಬೆಳೆಯುತ್ತದೆ ಎಂಬುದನ್ನು ಇದೇ ಊರಿನ ಜನ ಎಣಿಸಿ ತೋರಿಸಿದ್ದಾರೆ. ಚಿಗುರುವ ತನಕ ನೀರು ನಿಲ್ಲಿಸದಿರುವುದು ಮತ್ತು ನಿಲ್ಲಿಸಲು ಹೊರಟವರ ಜೊತೆ ನಿಲ್ಲುವುದು ನಮ್ಮೆಲ್ಲರ ಪಾಲಿನ ಕೆಲಸ.